ಬಿಟ್ಟು ಹಿಡಿಯುವ ಪುಸ್ತಕ, ಬಿಡದೆ ಓದುವ ಪುಸ್ತಕ: ಯಾವುದನ್ನ ಯಾವಾಗ ತಗೋಬೇಕು?

ಮೊನ್ನೆ ರಾಣೆಬೆನ್ನೂರಿನಿಂದ ನಾದಿನಿ ಫೋನ್ ಮಾಡಿದ್ದಳು. "ವೈನಿ, ಎರಡು-ಮೂರು ಪುಸ್ತಕ ತಗೋಬೇಕಂತ ಮಾಡೀನಿ. ಯಾವ್ಯಾವು ಛಲೋ ಅದಾವ ಹೇಳ್ರಿ" ಅಂದಳು. ನಾನು ನಿಂತಲ್ಲೇ ನಾಲ್ಕು ಹೆಸರು ಹೇಳಿಬಿಟ್ಟೆ. ಫೋನ್ ಇಟ್ಟ ಮೇಲೆ ಸಮಾಧಾನ ಆಗಲಿಲ್ಲ. ಅವಳ ಮಗನಿಗೆ ಈಗ ಎರಡು ವರ್ಷ. ಅವನು ಮಧ್ಯಾಹ್ನ ಮಲಗಿದಾಗ ಅರ್ಧ ತಾಸು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಅದೂ ಇಲ್ಲ. ನಾನು ಹೇಳಿದ ನಾಲ್ಕರಲ್ಲಿ ಮೂರು ಪುಸ್ತಕ ಅಂಥ ಅರ್ಧ ತಾಸಿಗೆ ಒಗ್ಗುವಂಥವೇ ಅಲ್ಲ. ಯಾವುದು ಛಲೋ ಅನ್ನೋದಕ್ಕಿಂತ ಮೊದಲು, ನಿನಗೆ ಒಂದೇ ಸಲಕ್ಕೆ ಎಷ್ಟು ಹೊತ್ತು ಸಿಗುತ್ತದೆ, ನಡುವೆ ಎಷ್ಟು ಸಲ ಏಳಬೇಕಾಗುತ್ತದೆ ಅಂತ ನಾನು ಅವಳನ್ನ ಕೇಳಬೇಕಿತ್ತು.

ನಾನು ವಿಮರ್ಶೆ ಬರೆಯುವವಳಲ್ಲ. ಹುಬ್ಬಳ್ಳಿಯಲ್ಲಿ ಔಷಧಿ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ನೋಡುತ್ತೇನೆ, ಮನೆ ಧಾರವಾಡದಲ್ಲಿ. ದಿನಾ ಈ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು. ಹೋಗೋದು ಸುಮಾರು 20 ಕಿಲೋಮೀಟರ್, ಬರೋದು ಅಷ್ಟೇ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹತ್ತಿದರೆ ಹುಬ್ಬಳ್ಳಿಯ ಹೊಸೂರಿನವರೆಗೆ ಹೆಚ್ಚುಕಡಿಮೆ ಮುಕ್ಕಾಲು ತಾಸು ನನ್ನದು. ಸೀಟು ಸಿಕ್ಕರೆ ಆರಾಮ. ಸಿಗದಿದ್ದರೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಪುಸ್ತಕ, ಹೆಬ್ಬೆರಳಿನಿಂದಲೇ ಪುಟ ತಿರುಗಿಸಬೇಕು. ಹೀಗೆ ಕಳೆದ ಒಂದು ವರ್ಷದಲ್ಲಿ ಓದಿದ್ದನ್ನ, ಮತ್ತೊಮ್ಮೆ ಓದಿದ್ದನ್ನ ಜೋಡಿ ಜೋಡಿಯಾಗಿ ಇಟ್ಟು ಹೇಳುತ್ತೇನೆ. ಎಲ್ಲವೂ ನನಗೆ ಇಷ್ಟವಾದ ಪುಸ್ತಕಗಳೇ. ಎರಡರಲ್ಲಿ ಒಂದನ್ನೇ ತಗೋಬೇಕು ಅಂದಾಗ ಯಾರಿಗೆ ಯಾವುದು ಹೊಂದುತ್ತದೆ ಅನ್ನೋದಷ್ಟೇ ಇಲ್ಲಿಯ ಮಾತು.

ಅಂಗಡಿಯಲ್ಲೇ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಮೊದಲ ಪುಟ ಎಲ್ಲರೂ ಓದುತ್ತಾರೆ, ಮೊದಲ ಪುಟ ಎಲ್ಲ ಪುಸ್ತಕದಲ್ಲೂ ಚೆನ್ನಾಗಿಯೇ ಇರುತ್ತದೆ. ನಾನು ನಡುವಿನ ಎರಡು ಪುಟ ಓದುತ್ತೇನೆ. ಹಿಂದಿನದು ಏನೂ ಗೊತ್ತಿಲ್ಲದಿದ್ದರೂ ಅಲ್ಲಿ ಯಾರು ಎಲ್ಲಿದ್ದಾರೆ, ಏನು ನಡೀತಿದೆ ಅಂತ ಹಿಡಿತಕ್ಕೆ ಬಂದರೆ ಅದು ಬಿಟ್ಟು ಹಿಡಿಯಬಹುದಾದ ಪುಸ್ತಕ. ತಲೆಬುಡ ಗೊತ್ತಾಗದಿದ್ದರೆ ಅದು ಕೆಟ್ಟ ಪುಸ್ತಕ ಅಂತಲ್ಲ, ಅದಕ್ಕೆ ಉದ್ದನೆಯ ಹೊತ್ತು ಬೇಕು ಅಂತ ಅರ್ಥ.

ಮುಂದೇನಾಯ್ತು ಅಂತ ಓಡಿಸುವ ಕತೆ ಬೇಕಾದರೆ

ಇಲ್ಲಿ ನನ್ನ ಜೋಡಿ ತೇಜಸ್ವಿಯವರ ಜುಗಾರಿ ಕ್ರಾಸ್ (1994) ಮತ್ತು ಯಶವಂತ ಚಿತ್ತಾಲರ ಶಿಕಾರಿ (1979). ಎರಡರಲ್ಲೂ ಬಲೆ ಇದೆ, ಸಿಕ್ಕಿಬಿದ್ದವರಿದ್ದಾರೆ, ಯಾರನ್ನ ನಂಬಬೇಕು ಅಂತ ತಿಳಿಯದ ಹೆದರಿಕೆ ಇದೆ. ಆದರೆ ಓದಿನ ಅನುಭವ ಪೂರ್ತಿ ಬೇರೆ.

ಜುಗಾರಿ ಕ್ರಾಸ್‌ನಲ್ಲಿ ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಸುರೇಶ ಮತ್ತು ಗೌರಿ ಒಂದೇ ದಿನದಲ್ಲಿ ಏನೇನಕ್ಕೋ ಸಿಕ್ಕಿಕೊಳ್ಳುತ್ತಾರೆ. ಘಟ್ಟದ ಕಾಡು, ಕಳ್ಳಸಾಗಣೆ, ರೈಲು, ಹಳೆಯ ಕಾವ್ಯವೊಂದರ ಗುಟ್ಟು, ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಇದನ್ನ ಓದುವ ಸಂಜೆ ಟೋಲ್ ನಾಕಾ ದಾಟಿದ್ದು, ಜುಬಿಲಿ ಸರ್ಕಲ್ ಬಂದು ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಕೊನೆಯ ಸ್ಟಾಪಿನಲ್ಲಿ ಇಳಿದು, ಅಲ್ಲೇ ಬೆಂಚಿನ ಮೇಲೆ ಕೂತು ಆ ಅಧ್ಯಾಯ ಮುಗಿಸಿ ಆಟೋ ಹಿಡಿದೆ. ಓದುವ ರೂಢಿ ತಪ್ಪಿಹೋಗಿದೆ, ಮೊಬೈಲ್ ಬಿಟ್ಟು ಕೂರಲು ಆಗ್ತಿಲ್ಲ ಅನ್ನುವವರು ಯಾರಾದರೂ ಇದ್ದರೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ಶಿಕಾರಿಯಲ್ಲಿ ಓಟ ಇರೋದು ತಲೆಯೊಳಗೆ. ಮುಂಬೈಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನ ಇದ್ದಕ್ಕಿದ್ದಂತೆ ಕೆಲಸದಿಂದ ದೂರ ಇಡುತ್ತಾರೆ. ಯಾಕೆ ಅಂತ ಅವನಿಗೆ ತಿಳಿಯೋದಿಲ್ಲ. ಆಫೀಸಿನಲ್ಲಿ ನಗುನಗುತ್ತ ಮಾತಾಡಿದವರ ಒಂದೊಂದೇ ಮಾತನ್ನ ಅವನು ಹಿಂದಕ್ಕೆ ಹೋಗಿ ಕೆದಕುತ್ತಾನೆ. ಕೆಲಸದ ಜಾಗದಲ್ಲಿ ಇಂಥ ರಾಜಕೀಯ ಕಂಡವರಿಗೆ ಇದು ಎಲ್ಲಿ ತಾಗಬೇಕೋ ಅಲ್ಲೇ ತಾಗುತ್ತದೆ. ನನಗಂತೂ ಎರಡು ರಾತ್ರಿ ನಿದ್ದೆ ಸರಿಯಾಗಲಿಲ್ಲ. ಆದರೆ ಬಸ್ಸಿನಲ್ಲಿ ಇದು ಓದಿಸಿಕೊಳ್ಳೋದಿಲ್ಲ. ಎರಡು ದಿನ ಬಿಟ್ಟು ಹಿಡಿದರೆ ನಾಗಪ್ಪ ಯಾವ ಸಂಶಯದ ಎಳೆ ಹಿಡಿದಿದ್ದ ಅನ್ನೋದೇ ತಪ್ಪಿಹೋಗುತ್ತದೆ, ಹತ್ತು ಪುಟ ಹಿಂದಕ್ಕೆ ಹೋಗಬೇಕು. ನಾಲ್ಕು ದಿನ ರಜೆ ಇದ್ದಾಗ ಶುರು ಮಾಡಿ.

ಸಣ್ಣದೋ ದಪ್ಪದೋ

ಜನ ಪುಸ್ತಕದ ದಪ್ಪ ನೋಡಿ ಹೆದರುತ್ತಾರೆ. ನಾನೂ ಹೆದರುತ್ತಿದ್ದೆ. ಆದರೆ ಸಣ್ಣ ಪುಸ್ತಕ ಅಂದರೆ ಹಗುರ ಪುಸ್ತಕ ಅಲ್ಲ, ಇದನ್ನ ನನಗೆ ಕಲಿಸಿದ್ದು ವಿವೇಕ ಶಾನಭಾಗರ ಘಾಚರ್ ಘೋಚರ್ (2013). ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಹಿಡಿದರೆ ಸಂಜೆ ಚಹಾ ಹೊತ್ತಿಗೆ ಮುಗಿಯುತ್ತದೆ. ಕತೆಯಲ್ಲಿ ದೊಡ್ಡದೇನೂ ಆಗೋದಿಲ್ಲ. ಅಪ್ಪನ ಒಬ್ಬರ ಸಂಬಳದಲ್ಲಿ ಬದುಕುತ್ತಿದ್ದ ಮನೆಗೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತದೆ. ದುಡ್ಡು ಬಂದ ಮೇಲೆ ಆ ಮನೆಯವರು ಒಬ್ಬರನ್ನೊಬ್ಬರು ಕಾಯುವ ರೀತಿಯೇ ಬದಲಾಗುತ್ತದೆ. ಹಳೆಯ ಮನೆಯಲ್ಲಿ ಇರುವೆ ಕಾಟ ಇತ್ತಲ್ಲ, ಅದರ ವರ್ಣನೆ ಓದುವಾಗ ನಮ್ಮ ಹಳೇ ಮನೆಯ ಅಡುಗೆಕೋಣೆಯಲ್ಲಿ ಅವ್ವ ಸಕ್ಕರೆ ಡಬ್ಬಿಯನ್ನ ನೀರು ತುಂಬಿದ ತಾಟಿನೊಳಗೆ ಇಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಕಡೆಯ ಪುಟ ಓದಿ ನಾನು ಮತ್ತೆ ಮೊದಲ ಪುಟಕ್ಕೆ ಹೋದೆ. ಇದನ್ನ ಬಸ್ಸಿನಲ್ಲಿ ತುಂಡು ತುಂಡಾಗಿ ಓದಬೇಡಿ, ದಯವಿಟ್ಟು. ಸಣ್ಣದಾಗಿದ್ದರೂ ಒಂದೇ ಉಸಿರಿಗೆ ಓದಬೇಕಾದದ್ದು.

ಇದರ ಎದುರಿಗೆ ವಸುಧೇಂದ್ರರ ತೇಜೋ-ತುಂಗಭದ್ರಾ (2019). ದಪ್ಪ ಪುಸ್ತಕ. ಒಂದು ಕಡೆ ಲಿಸ್ಬನ್ನಿನ ತೇಜೋ ನದಿಯ ದಂಡೆ, ಇನ್ನೊಂದು ಕಡೆ ವಿಜಯನಗರದ ಕಾಲದ ತುಂಗಭದ್ರೆ. ಗೇಬ್ರಿಯಲ್ ಮತ್ತು ಬೆಲ್ಲಾ ಆ ದಂಡೆಯವರು, ಹಂಪಮ್ಮ ಮತ್ತು ಕೇಶವ ಈ ದಂಡೆಯವರು. ಯಹೂದಿಗಳನ್ನ ಹಿಂಸಿಸಿದ್ದು, ಹಡಗಿನ ಪ್ರಯಾಣ, ಸತಿ, ರಾಜನಿಗಾಗಿ ಪ್ರಾಣ ಕೊಡುವ ಲೆಂಕರು, ಎಷ್ಟೋ ವಿಷಯ ಬರುತ್ತವೆ. ಆಶ್ಚರ್ಯ ಅಂದರೆ ಬಿಟ್ಟು ಹಿಡಿಯಲು ಇದು ಆ ಸಣ್ಣ ಪುಸ್ತಕಕ್ಕಿಂತ ಸುಲಭ. ಕತೆ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೋಗುವಾಗ ತಾನಾಗೇ ಒಂದು ನಿಲ್ದಾಣ ಸಿಗುತ್ತದೆ. ಒಂದು ವಾರ ಬಿಟ್ಟು ತೆಗೆದರೂ ಹಂಪಮ್ಮ ಎಲ್ಲಿದ್ದಳು ಅಂತ ನೆನಪಿರುತ್ತದೆ. ನನಗೆ ಒಂದೂವರೆ ತಿಂಗಳು ಹಿಡಿಯಿತು, ಒಂದು ದಿನವೂ ಬೇಸರ ಆಗಲಿಲ್ಲ. ಆಕ್ಷೇಪ ಒಂದೇ: ಹಿಂಸೆಯ ಭಾಗಗಳು ತುಂಬ ಇವೆ, ತುಂಬ ಬಿಚ್ಚಿ ಬರೆದಿದ್ದಾರೆ. ಸೂಕ್ಷ್ಮ ಮನಸ್ಸಿನವರು ಅಲ್ಲಲ್ಲಿ ನಿಲ್ಲಬೇಕಾಗುತ್ತದೆ. ನಾನು ನಿಂತಿದ್ದೇನೆ. ಹಾವೇರಿ, ಗದಗ ಜಿಲ್ಲೆಯ ಹೊಳೆ ದಂಡೆಯ ಊರಿನವರಿಗೆ ಇದನ್ನ ಜಾಸ್ತಿ ಒತ್ತಿ ಹೇಳುತ್ತೇನೆ. ನಾವು ದಿನಾ ನೋಡುವ ಹೊಳೆ ಬೇರೆಯೇ ಆಗಿ ಕಾಣುತ್ತದೆ.

ಧಾರವಾಡದ ಇಬ್ಬರ ಆತ್ಮಕತೆ

ಇದು ನನಗೆ ಎಲ್ಲಕ್ಕಿಂತ ಹತ್ತಿರದ ಜೋಡಿ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಗಿರೀಶ ಕಾರ್ನಾಡರ ಆಡಾಡತ ಆಯುಷ್ಯ (2011) ಮತ್ತು ಮಲ್ಲಿಕಾರ್ಜುನ ಮನಸೂರರ ನನ್ನ ರಸಯಾತ್ರೆ.

ಕಾರ್ನಾಡರ ಪುಸ್ತಕದ ಅರ್ಪಣೆಯ ಪುಟವೇ ಹಿಡಿದು ನಿಲ್ಲಿಸುತ್ತದೆ. ಇವರು ಹೊಟ್ಟೆಯಲ್ಲಿದ್ದಾಗ ಈ ಮಗು ಬೇಡ ಅಂತ ತಾಯಿ ಪುಣೆಯ ಡಾಕ್ಟರೊಬ್ಬರ ದವಾಖಾನೆಗೆ ಹೋಗಿ ಕಾದಿದ್ದರಂತೆ. ಅವತ್ತು ಡಾಕ್ಟರ್ ಬರಲಿಲ್ಲ. ಅಷ್ಟು ವರ್ಷದ ಮೇಲೆ ಇವರು ತಮ್ಮ ಆತ್ಮಕತೆಯನ್ನ ಅದೇ ಡಾಕ್ಟರಿಗೆ, ಮಧುಮಾಲತಿ ಗುಣೆಯವರಿಗೆ, ಅರ್ಪಿಸಿದ್ದಾರೆ. ಅದನ್ನ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇಡೀ ಪುಸ್ತಕದ ದನಿ ಇದೇ. ಏನನ್ನೂ ಮುಚ್ಚಿಡೋದಿಲ್ಲ, ತಮ್ಮ ಬಗ್ಗೆ, ಮನೆಯವರ ಬಗ್ಗೆ ಕೂಡ. ಸಿರಸಿಯ ಬಾಲ್ಯ, ಧಾರವಾಡದ ಕಾಲೇಜು, ಆಕ್ಸ್‌ಫರ್ಡ್, ಸಿನಿಮಾ, ಹೆಸರು ಹಿಡಿದು ಜಗಳ, ಹೆಸರು ಹಿಡಿದು ಪ್ರೀತಿ. ಸುಭಾಷ್ ರೋಡಿನಲ್ಲಿರುವ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನದ ಅಟ್ಟ ಬರುತ್ತದೆ, ಅದನ್ನ ಕಟ್ಟಿದ ಜಿ.ಬಿ. ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಬರುತ್ತಾರೆ. 1961ರಲ್ಲಿ ಇವರ ಮೊದಲ ನಾಟಕ ಯಯಾತಿಯನ್ನ ತಂದದ್ದು ಅದೇ ಗ್ರಂಥಮಾಲೆ, ಈ ಆತ್ಮಕತೆಯನ್ನ ತಂದದ್ದೂ ಅದೇ. ನಾನು ಈ ಪುಸ್ತಕ ಕೊಳ್ಳಲು ಆ ಅಟ್ಟದ ಮೆಟ್ಟಿಲು ಹತ್ತಿದ್ದೆ, ಅದು ಯಾರು ಯಾರು ಹತ್ತಿದ ಮೆಟ್ಟಿಲು ಅನ್ನೋದು ಓದಿದ ಮೇಲೆ ತಿಳಿಯಿತು. ಈಗ ಆ ರಸ್ತೆಯಲ್ಲಿ ಬಟ್ಟೆ ಕೊಳ್ಳಲು ಹೋದಾಗಲೂ ಒಮ್ಮೆ ತಲೆ ಎತ್ತಿ ಮೇಲೆ ನೋಡುತ್ತೇನೆ.

ಮನಸೂರರದು ಇದಕ್ಕೆ ಪೂರ್ತಿ ಉಲ್ಟಾ. ತೆಳ್ಳಗಿನ ಪುಸ್ತಕ, ಮೆಲ್ಲಗಿನ ಮಾತು. 1910ರಲ್ಲಿ ಧಾರವಾಡದ ಪಕ್ಕದ ಮನಸೂರಿನಲ್ಲಿ ಹುಟ್ಟಿದ ಹುಡುಗ ನಾಟಕ ಕಂಪನಿ ಸೇರುತ್ತಾನೆ, ಅಲ್ಲಿ ಅವನ ಹಾಡು ಕೇಳಿ ನೀಲಕಂಠಬುವಾ ಮಿರಜಿಗೆ ಕರೆದುಕೊಂಡು ಹೋಗಿ ಕಲಿಸುತ್ತಾರೆ. ಮುಂದೆ ಮುಂಬೈಯಲ್ಲಿ ಮಂಜಿಖಾನರು ಸಿಗುತ್ತಾರೆ. ಕಲಿಕೆ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಅವರು ತೀರಿಕೊಳ್ಳುತ್ತಾರೆ, ಆಮೇಲೆ ಅವರ ತಮ್ಮ ಭೂರ್ಜಿಖಾನರು ಕಲಿಸುತ್ತಾರೆ. ಹಾಡುಗಾರ ತನ್ನ ಬಗ್ಗೆ ಬರೆಯಲು ಕೂತು ಪುಟ ಪುಟಕ್ಕೂ ಗುರುಗಳ ಬಗ್ಗೆಯೇ ಬರೆದಿದ್ದಾರೆ. ತಾನು ಎಷ್ಟು ದೊಡ್ಡವನಾದೆ ಅನ್ನುವ ಮಾತೇ ಇಲ್ಲ, ಯಾರು ಎಷ್ಟು ಕೊಟ್ಟರು ಅನ್ನುವ ಲೆಕ್ಕ ಮಾತ್ರ. ನನಗೆ ರಾಗ ಗುರುತು ಹಿಡಿಯಲು ಬರೋದಿಲ್ಲ. ಆದರೂ ಒಂದು ಉಪಾಯ ಮಾಡಿದೆ. ರಾತ್ರಿ ಒಂದು ಅಧ್ಯಾಯ ಓದೋದು, ಆಮೇಲೆ ಫೋನಿನಲ್ಲಿ ಅವರ ಹಾಡಿಕೆ ಹಚ್ಚಿ ದೀಪ ಆರಿಸಿ ಮಲಗೋದು. ಮೂರನೇ ದಿನ ನಮ್ಮ ಮನೆಯವರು, "ಇವತ್ತ ಹಚ್ಚಂಗಿಲ್ಲೇನು?" ಅಂತ ತಾವಾಗೇ ಕೇಳಿದರು.

ಹಾಗಾದರೆ ಯಾವುದು? ಜನರ ಕತೆ, ಊರಿನ ಕತೆ, ಸಾಹಿತ್ಯದೊಳಗಿನ ಒಳಸುದ್ದಿ ಬೇಕು ಅನ್ನುವವರಿಗೆ ಕಾರ್ನಾಡ. ಅದನ್ನ ಬಸ್ಸಿನಲ್ಲೂ ಓದಬಹುದು, ಒಂದೊಂದು ಪ್ರಸಂಗಕ್ಕೂ ಅದರದೇ ಆದಿ ಅಂತ್ಯ ಇದೆ. ಮನಸ್ಸು ಕದಡಿದೆ, ಗದ್ದಲ ಸಾಕಾಗಿದೆ ಅನ್ನುವವರಿಗೆ ಮನಸೂರ. ಅದನ್ನ ಗದ್ದಲದಲ್ಲಿ ಓದಿ ಕೆಡಿಸಬೇಡಿ. ಸಂಗೀತ ಅಥವಾ ಬೇರೆ ಯಾವುದೇ ವಿದ್ಯೆ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಮನಸೂರರ ಪುಸ್ತಕವನ್ನೇ ಮೊದಲು ತಗೊಳ್ಳಿ, ಕಾರ್ನಾಡರದನ್ನ ಅವರು ಕಾಲೇಜಿಗೆ ಹೋದ ಮೇಲೆ ಕೊಡಿ.

ಸಣ್ಣಕತೆ

2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕರ ಹಾರ್ಟ್ ಲ್ಯಾಂಪ್‌ಗೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ನನಗೆ ಗೊತ್ತಿರುವ, ಯಾವತ್ತೂ ಕತೆ ಓದದವರೆಲ್ಲ ಕೇಳಿದ ಪ್ರಶ್ನೆ ಒಂದೇ, "ಅದು ಓದಬಹುದಾ?" ಖಂಡಿತ ಓದಬಹುದು, ಅದೂ ಕನ್ನಡದಲ್ಲೇ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ 12 ಕತೆಗಳು 1990ರಿಂದ 2023ರವರೆಗೆ ಬರೆದವು, ಮೂಲ ನಮ್ಮ ಭಾಷೆಯಲ್ಲೇ ಇರುವಾಗ ಸುತ್ತಿ ಬಳಸಿ ಯಾಕೆ ಹೋಗಬೇಕು?

ಆದರೆ ಒಂದು ಎಚ್ಚರಿಕೆ. ಆ ಇಂಗ್ಲಿಷ್ ಪುಸ್ತಕಕ್ಕೆ ಹೆಸರು ಕೊಟ್ಟ ಎದೆಯ ಹಣತೆ ಕತೆಯನ್ನ ನಾನು ಬೆಳಗಿನ ಬಸ್ಸಿನಲ್ಲಿ ಓದಿದೆ. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ, ತವರಿನವರು ಮೆಹರುನ್‌ಳನ್ನ ವಾಪಸ್ ಅದೇ ಮನೆಗೆ ತಂದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ ಓಡಿ ಬರೋದು ಮಗಳು ಸಲ್ಮಾ. ನವಲೂರು ಹತ್ತಿರ ಓದಿ ಮುಗಿಸಿದೆ. ಉಣಕಲ್ ಕೆರೆ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಲೇ ಇದ್ದೆ, ಪಕ್ಕದಲ್ಲಿ ಕೂತಿದ್ದ ಅಕ್ಕ "ಏನಾತ್ರೀ, ಅರಾಮ ಇದ್ದೀರಿಲ್ಲೋ?" ಅಂತ ನೀರಿನ ಬಾಟಲಿ ಕೊಟ್ಟರು. ದಿನಕ್ಕೆ ಒಂದೇ ಕತೆ ಓದಿ. ಓದಿದ ಮೇಲೆ ಅರ್ಧ ತಾಸು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಅನ್ನುವ ಹೊತ್ತಿನಲ್ಲಿ ಓದಿ. ಹೊಸದಾಗಿ ಹೆರಿಗೆ ಆದವರಿಗೆ, ಮನೆಯಲ್ಲಿ ಕಷ್ಟದಲ್ಲಿರುವವರಿಗೆ ಈಗಲೇ ಕೊಡಬೇಡಿ, ಆಮೇಲೆ ಕೊಡಿ.

ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳಲ್ಲೂ ಬಡತನ ಇದೆ, ಒಂಟಿತನ ಇದೆ. ದಗಡೂ ಪರಬನ ಅಶ್ವಮೇಧ ಕತೆಯಲ್ಲಿ ಮದುವೆಯ ಮೆರವಣಿಗೆಯ ಕುದುರೆ ಬೆದರಿ ಮದುಮಗನನ್ನ ಹೊತ್ತುಕೊಂಡು ಓಡಿಬಿಡುತ್ತದೆ. ನಗುತ್ತ ಓದಲು ಶುರು ಮಾಡುತ್ತೀರಿ, ನಡುವೆ ಎಲ್ಲೋ ಗಂಟಲು ಕಟ್ಟುತ್ತದೆ, ಆದರೆ ಕತೆ ಮುಗಿದಾಗ ಎದೆಯ ಮೇಲೆ ಭಾರ ಉಳಿಯೋದಿಲ್ಲ, ಗುರುತಿಲ್ಲದ ಜನರ ಬಗ್ಗೆ ಒಂದು ಥರದ ಅಕ್ಕರೆ ಉಳಿಯುತ್ತದೆ. ಈ ಕತೆ ಓದಿದ ದಿನ ಬಸ್ಸಿನಲ್ಲಿ ಎದುರು ಕೂತವರ ಕೈ, ಚಪ್ಪಲಿ, ಅವರು ತೊಡೆಯ ಮೇಲೆ ಇಟ್ಟುಕೊಂಡ ಚೀಲ ಎಲ್ಲ ಗಮನಕ್ಕೆ ಬರುತ್ತವೆ. ದಿನಾ ಪ್ರಯಾಣ ಮಾಡುವವರಿಗೆ ನಾನು ಕೊಡೋದು ಇದನ್ನೇ. ಒಂದು ಬಸ್ಸು, ಒಂದು ಕತೆ, ಸರಿಯಾಗಿ ಹೊಂದುತ್ತದೆ.

ಮಹಾಭಾರತ ಓದಬೇಕು ಅನಿಸಿದಾಗ

ಗದಗಿನಲ್ಲಿ ನಮ್ಮ ಮಾವನವರು ಕುಮಾರವ್ಯಾಸನನ್ನ ರಾಗವಾಗಿ ಓದುತ್ತಾರೆ. ಸಂಜೆ ವೀರನಾರಾಯಣನ ಗುಡಿಗೆ ಹೋಗಿ ಬಂದು, ಕೈಕಾಲು ತೊಳೆದು, ಹಾಲ್‌ನಲ್ಲಿ ಕೂತು ನಾಲ್ಕೇ ನಾಲ್ಕು ಪದ್ಯ. ಕುಮಾರವ್ಯಾಸ ಕಾವ್ಯ ಬರೆದದ್ದು ಆ ಗುಡಿಯ ಕಂಬಕ್ಕೆ ಒರಗಿ ಕೂತು ಅಂತ ಊರಿನವರು ಹೇಳುತ್ತಾರೆ. ಅವನ ಹುಟ್ಟೂರು ಕೋಳಿವಾಡ ಹುಬ್ಬಳ್ಳಿಯ ಹತ್ತಿರವೇ ಇದೆ. ಇದೆಲ್ಲ ಹಿರಿಯರಿಗೆ, ಪಂಡಿತರಿಗೆ ಅಂತ ನಾನು ಬಹಳ ವರ್ಷ ದೂರ ಇಟ್ಟಿದ್ದೆ, ಮಹಾಭಾರತ ಬೇಕು ಅನಿಸಿದಾಗ ಭೈರಪ್ಪನವರ ಪರ್ವ (1979) ತೆಗೆದುಕೊಂಡೆ. ಭೈರಪ್ಪನವರು ಮೊದಲು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದವರು.

ಪರ್ವ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮುದುಕ ಶಲ್ಯನ ಮನೆಯ ಚಿಂತೆಯಿಂದ ಶುರುವಾಗುತ್ತದೆ. ದೇವರ ಪವಾಡ ಇಲ್ಲ, ವರ ಇಲ್ಲ. ಕುಂತಿ, ದ್ರೌಪದಿ, ಭೀಮ ಒಬ್ಬೊಬ್ಬರೂ ತಮ್ಮ ನೆನಪಿನಲ್ಲಿ ಮುಳುಗಿ ಹೇಳುತ್ತಾರೆ. ಕುಂತಿಯ ಭಾಗವನ್ನ ನಾನು ಮರೆಯಲಾರೆ. ಆದರೆ ಆ ನೆನಪುಗಳು ಹಿಂದೆ ಮುಂದೆ ಹೋಗುತ್ತ ಪುಟಗಟ್ಟಲೆ ಸಾಗುತ್ತವೆ, ನಡುವೆ ಬಿಟ್ಟರೆ ಎಲ್ಲಿದ್ದೆ ಅಂತ ಹುಡುಕಬೇಕು. ನಾನು ಎರಡು ಸಲ ನಡುವೆ ನಿಲ್ಲಿಸಿ, ಮೂರನೇ ಸಲ ಬೇಸಿಗೆ ರಜೆಯಲ್ಲಿ ಮುಗಿಸಿದೆ.

ಹೋದ ದೀಪಾವಳಿಯಲ್ಲಿ ಮಾವನವರು, "ನೀ ನಾಕು ಪದ್ಯ ಓದಿ ನೋಡವಾ, ತಿಳೀದಿದ್ರ ಕೇಳು" ಅಂತ ಪುಸ್ತಕ ಕೈಗೆ ಕೊಟ್ಟರು. ಆಗ ಗೊತ್ತಾಯಿತು. ಭಾಮಿನಿ ಷಟ್ಪದಿಯಲ್ಲಿ ಆರು ಸಾಲಿಗೆ ಒಂದು ಪದ್ಯ ಮುಗಿಯುತ್ತದೆ. ಆ ಆರು ಸಾಲಿನಲ್ಲೇ ಒಂದು ಚಿತ್ರ, ಒಂದು ಬೈಗುಳ, ಒಂದು ಅಳು ಪೂರ್ತಿ ಆಗುತ್ತದೆ. ಹಾಲು ಉಕ್ಕುವಷ್ಟರಲ್ಲಿ ಒಂದು ಪದ್ಯ ಓದಬಹುದು, ಎದ್ದು ಹೋಗಿ ಬಂದು ಮುಂದಿನದು ಓದಬಹುದು. 15ನೇ ಶತಮಾನದ ಕಾವ್ಯ ಇವತ್ತಿನ ಗಡಿಬಿಡಿಯ ದಿನಕ್ಕೆ ಕಾದಂಬರಿಗಿಂತ ಚೆನ್ನಾಗಿ ಹೊಂದುತ್ತದೆ. ಅರ್ಥ ಕೊಟ್ಟಿರುವ ಪ್ರತಿಯನ್ನೇ ತಗೊಳ್ಳಿ, ಬರೀ ಮೂಲ ಇರುವುದು ಬೇಡ. ಜೋರಾಗಿ ಓದಿ, ಅರ್ಧ ಅರ್ಥ ಕಿವಿಗೇ ಆಗುತ್ತದೆ. ನೆನಪಿರಲಿ, ಅವನು ಹತ್ತು ಪರ್ವ ಮಾತ್ರ ಹೇಳಿದ್ದಾನೆ. ಯುದ್ಧದ ನಂತರದ ಶೋಕ, ಪಾಂಡವರ ಕೊನೆ ಇದರಲ್ಲಿ ಸಿಗೋದಿಲ್ಲ.

ಕವಿತೆಯ ಬಗ್ಗೆ ಹೆಚ್ಚು ಹೇಳುವ ಶಕ್ತಿ ನನಗಿಲ್ಲ. ಬೇಂದ್ರೆಯವರನ್ನ ಓದಬೇಕು ಅಂತ ಜ್ಞಾನಪೀಠದ ಹೆಸರು ನೋಡಿ ನೇರ ನಾಕುತಂತಿಗೆ (1964) ಕೈ ಹಾಕಬೇಡಿ, ಗರಿಯಿಂದ (1932) ಶುರು ಮಾಡಿ. ಹಕ್ಕಿ ಹಾರುತಿದೆ ನೋಡಿದಿರಾ ಅದರಲ್ಲೇ ಇದೆ. ಸಾಧನಕೇರಿಯ ಕೆರೆ ಹತ್ತಿರ ಕೂತು ಬಾಯಿ ಬಿಟ್ಟು ಓದಿ ನೋಡಿ.

ಕೊಳ್ಳುವಾಗ ಒಂದು ಕೆಲಸ ಮಾತ್ರ ಮರೆಯಬೇಡಿ. ಹೋದ ವರ್ಷ ಆನ್‌ಲೈನ್‌ನಲ್ಲಿ ತರಿಸಿದ ಕಾದಂಬರಿಯೊಂದರಲ್ಲಿ ಒಂದು ಫರ್ಮಾ ಪೂರ್ತಿ, ಅಂದರೆ 16 ಪುಟ, ಎರಡು ಸಲ ಬಂದಿತ್ತು, ಅದರ ಮುಂದಿನ 16 ಪುಟ ಇರಲೇ ಇಲ್ಲ. ನನಗೆ ಗೊತ್ತಾಗಿದ್ದು ಅಲ್ಲಿಗೆ ಬಂದು ಮುಟ್ಟಿದಾಗ, ಆಗ ವಾಪಸ್ ಕೊಡುವ ದಿನ ದಾಟಿತ್ತು. ಪುಸ್ತಕ ಬಂದ ದಿನವೇ ಪುಟಸಂಖ್ಯೆ ನೋಡುತ್ತ ಒಮ್ಮೆ ತಿರುವಿ ಹಾಕಿ. ಅಂಗಡಿಯಲ್ಲಿ ಕೊಂಡರೆ ಅಲ್ಲೇ ನೋಡಿ. ಐದು ನಿಮಿಷದ ಕೆಲಸ.

ನಾದಿನಿಗೆ ಆ ರಾತ್ರಿಯೇ ಮತ್ತೆ ಫೋನ್ ಮಾಡಿ, "ಹಿಂದಿನ ಪಟ್ಟಿ ಬಿಡು, ನಾನೇ ಕಳಸ್ತೀನಿ" ಅಂದೆ. ಕಾಯ್ಕಿಣಿ ಕತೆಗಳು, ಜುಗಾರಿ ಕ್ರಾಸ್ ಕಳಿಸಿದ್ದೇನೆ. ಮೂರನೆಯದು ಗದಗಿನಿಂದ ಮಾವನವರ ಹಳೆಯ ಕುಮಾರವ್ಯಾಸ, ಅವರೇ ಮಗಳಿಗೆ ಕೊಡು ಅಂತ ರಟ್ಟು ಹಾಕಿಸಿ ಕೊಟ್ಟರು. ಬಾನು ಮುಷ್ತಾಕರ ಕತೆಗಳನ್ನ ಮಗ ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ಕಳಿಸೋಣ ಅಂತ ನನ್ನ ಕಪಾಟಿನಲ್ಲೇ ಇಟ್ಟುಕೊಂಡಿದ್ದೇನೆ.